ಬೋರ್ಡಿನ ಬೆನ್ನ ಮೇಲಿನ ಎರಡು ಸಾಲು

ರಾಜಧಾನಿಯ ಬೀದಿಬೀದಿಯಲ್ಲೂ ಸೇನಾಪತಿಗಳು, ಮಂತ್ರಿಗಳು, ಕವಿಗಳು ಇಂದಿಗೂ ತಲೆಯೆತ್ತಿ ನಿಂತಿದ್ದಾರೆಂದರೆ ಅದಕ್ಕೆ ಕಾರಣ ಬ್ರಷ್ಷಕ್ಕ. ಪಾಲಿಕೆಯ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷದಿಂದ ಬೀದಿಗಳ ಹೆಸರು ಬರೆಯುತ್ತಿರುವ ಹೆಂಗಸು. "ಊರಿನ ದೊಡ್ಡೋರಿಗೆಲ್ಲ ಬಣ್ಣ ಹಚ್ತೀಯ, ನಮ್ಮನೆ ಬಾಗಿಲಿಗೆ ಯಾವಾಗ?" ಎಂದು ಗಂಡ ಛೇಡಿಸುವುದುಂಟು. ದೀಪದ ಬುಡದಲ್ಲೇ ಕತ್ತಲೆ ಎಂದು ಅವಳೂ ನಗುತ್ತಾಳೆ.

ಕೆಲಸ ಕಲಿಸಿದವರು ಅಲ್ಲಿನ ಮುದುಕ ಮೇಸ್ತ್ರಿ. "ಹೆಣ್ಣುಹುಡುಗಿ ಏಣಿ ಹತ್ತುತ್ತಾಳಾ?" ಎಂದು ಉಳಿದವರು ನಕ್ಕಾಗ, ತಾವೇ ಹೋಗಿ ಏಣಿ ಹಿಡಿದು ನಿಂತವರು. ಚರ್ಮ ಸುಲಿದು ಚಪ್ಪಲಿ ಮಾಡಿಕೊಟ್ಟರೂ ಆ ಋಣ ತೀರದು ಎನ್ನುತ್ತಾಳೆ ಬ್ರಷ್ಷಕ್ಕ.

ಮೇಸ್ತ್ರಿಗೊಂದು ಚಾಳಿ. ಬೀದಿಗೆ ಹೆಸರಾದವರು ಯಾರು, ಏನು ಮಾಡಿದರು ಎಂದು ಹತ್ತು ಕಡೆ ವಿಚಾರಿಸಿ, ಬೋರ್ಡಿನ ಹಿಂಬದಿಯ ತಗಡಿನಲ್ಲಿ ಮೊಳೆಯಿಂದ ಎರಡು ಸಾಲು ಕೊರೆಯುತ್ತಿದ್ದರು. ಇದೇನೂ ಗೊತ್ತಿಲ್ಲದೆ, ಸೇರಿದ ಮೊದಲ ವಾರವೇ, ಭೇಷ್ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಅವಳು ಒಂದು ರಾಶಿ ಬೋರ್ಡುಗಳ ಬೆನ್ನಿಗೆ ತುಕ್ಕು ತಡೆಯುವ ಕೆಂಪು ಬಣ್ಣ ದಪ್ಪಗೆ ಬಳಿದುಬಿಟ್ಟಳು.

"ಹೋಗ್ಲಿ ಬಿಡಮ್ಮ. ಕೊರೆದಿದ್ದು ಎಲ್ಲಿಗೆ ಹೋಗುತ್ತೆ? ಒಳಗೆ ಬೆಚ್ಚಗಿರುತ್ತೆ" ಎಂದರು ಮೇಸ್ತ್ರಿ. ರಾಶಿಯಿಂದ ಒಂದು ಬೋರ್ಡು ಎತ್ತಿ, ಮಾಸಿಹೋಗಿದ್ದ ಹೆಂಗಸೊಬ್ಬಳ ಹೆಸರು ತೋರಿಸಿದರು. "ಮೊದಲು ಇದನ್ನ ಬರಿ. ಚೆನ್ನಾಗಿ ಬರಿ. ಈಯಮ್ಮ ಇಲ್ದಿದ್ರೆ ನಾನಿಲ್ಲ."

ಈಯಮ್ಮ ಯಾರೆಂದು ನಾಳೆ ಕೇಳೋಣ, ನಾಡಿದ್ದು ಕೇಳೋಣ ಎನ್ನುವಷ್ಟರಲ್ಲಿ ಮೇಸ್ತ್ರಿ ತೀರಿಹೋದರು.

ಈ ವರ್ಷ ಬಂದ ಹೊಸ ಇಂಜಿನಿಯರು, ಕಡತದಲ್ಲಿ ವಿವರವಿಲ್ಲದ ಹೆಸರುಗಳನ್ನು ತೆಗೆಸಿ ಆ ಬೀದಿಗಳಿಗೆ ನಂಬರು ಹಾಕಿಸತೊಡಗಿದ. ಪಟ್ಟಿಯ ತಲೆಯಲ್ಲೇ ಮೇಸ್ತ್ರಿ ಬರೆಸಿದ್ದ ಆ ಹೆಂಗಸಿನ ಹೆಸರು.

"ಸಾರ್, ಆಯಮ್ಮ ದೊಡ್ಡವರು."

"ಏನು ಮಾಡಿದ್ರು?"

"ಅದು ಗೊತ್ತಿಲ್ಲ ಸಾರ್."

"ಏನಾದ್ರೂ ದಾಖಲೆ ತನ್ನಿ ಅಕ್ಕ. ಸಂಜೆವರೆಗೂ ಕಾಯ್ತೀನಿ. ಇಲ್ಲಾಂದ್ರೆ ನಂಬರೇ."

ಕಳಚಿ ತಂದಿದ್ದ ಬೋರ್ಡು ಮೇಜಿನ ಮೇಲೆ ಬೋರಲು ಬಿದ್ದಿತ್ತು. ಬೆನ್ನಿನ ತುಂಬ ಅವಳದೇ ಕೆಂಪು. ಮಾಡಿದ್ದುಣ್ಣೋ ಮಹಾರಾಯ ಎಂದು ಗೊಣಗಿ, ಊಟದ ಡಬ್ಬಿಯನ್ನೂ ಬಿಚ್ಚದೆ ಉಪ್ಪುಕಾಗದ ಹಿಡಿದು ಕೂತಳು. ಜೋರಾಗಿ ಉಜ್ಜಿದರೆ ಅಕ್ಷರವೇ ಸವೆದೀತೆಂಬ ಭಯ, ಮೆಲ್ಲಗೆ ಉಜ್ಜಿದರೆ ಬಣ್ಣ ಜಗ್ಗುತ್ತಿಲ್ಲ. ಮಧ್ಯಾಹ್ನವೆಲ್ಲ ಉಜ್ಜಿದಳು. ಸುತ್ತಲಿನ ಬಣ್ಣ ಎದ್ದುಹೋಯಿತು. ಕೊರೆದ ಗೀರುಗಳೊಳಗೆ ಇಳಿದಿದ್ದ ಕೆಂಪು ಮಾತ್ರ ಅಲ್ಲೇ ಉಳಿದು, ಬಿಳಿಚಿದ ತಗಡಿನ ಮೇಲೆ ಸ್ಪಷ್ಟವಾಗಿ ಎದ್ದು ಕಂಡಿತು. ಅವಳು ಮಾಡಿದ್ದ ತಪ್ಪೇ ಅಷ್ಟು ವರ್ಷ ಅದನ್ನು ಕಾಪಾಡಿತ್ತು.

"ನೆರೆ ಬಂದ ವರ್ಷ ದೋಣಿಯಲ್ಲಿ ಮನೆಮನೆಗೆ ಹೋಗಿ ನಲವತ್ತೊಂದು ಹೆರಿಗೆ ಮಾಡಿಸಿದ ಸೂಲಗಿತ್ತಿ. ನಲವತ್ತೊಂದನೆಯ ಕೂಸು ನಾನು."

ಬ್ರಷ್ಷಕ್ಕನಿಗೆ ಅಳು ತಡೆಯಲಾಗಲಿಲ್ಲ. ಆ ತಾಯಿ ದೋಣಿ ಹತ್ತದಿದ್ದರೆ ಮೇಸ್ತ್ರಿ ಎಲ್ಲಿ, ತಾನೆಲ್ಲಿ! ಬೋರ್ಡಿಗೆ ಕೈಮುಗಿದು, ಇಂಜಿನಿಯರನ್ನು ಕರೆತಂದು ತೋರಿಸಿದಳು. ಅವನು ಎರಡು ಸಲ ಓದಿದ. ತೆಗೆಸಬೇಕಿದ್ದ ಹೆಸರುಗಳ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿದ.

"ಫೋಟೋ ತೆಗೆದು ಕಡತಕ್ಕೆ ಹಾಕಿಸ್ತೀನಿ. ಉಳಿದ ಬೋರ್ಡುಗಳ ಬೆನ್ನನ್ನೂ ಒಂದ್ಸಲ ಉಜ್ಜಿ ನೋಡಿ ಅಕ್ಕ" ಎಂದ.

ಮರುದಿನ ಬೋರ್ಡನ್ನು ಮತ್ತೆ ಕಂಬಕ್ಕೇರಿಸುವ ಮೊದಲು ಬ್ರಷ್ಷಕ್ಕ ಒಂದು ಮೊಳೆ ಹುಡುಕಿಕೊಂಡು, ಆ ಎರಡು ಸಾಲಿನ ಕೆಳಗೆ ಮೂರನೆಯದನ್ನು ಕೊರೆದಳು:

"ಆ ಕೂಸು ದೊಡ್ಡದಾಗಿ ನನ್ನ ಏಣಿ ಹಿಡಿದು ನಿಂತಿತ್ತು."

ಮೇಲೆ ದಪ್ಪಗೆ ಕೆಂಪು ಬಳಿದಳು.