ಆಬಾಸಾಹೇಬರ ಎಂಟು ನಿಮಿಷ

ಐನಾಪುರದ ಆ ಓಣಿಯಲ್ಲಿ ಸೂರ್ಯ ಮುಳುಗಬೇಕಾದರೆ ಆಬಾಸಾಹೇಬರ ಒಪ್ಪಿಗೆ ಬೇಕಾಗಿತ್ತು. ಸೊಸೈಟಿಯ ನಿವೃತ್ತ ಕಾರ್ಯದರ್ಶಿ. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತದ ವ್ರತವನ್ನು ನಲವತ್ತು ವರ್ಷ ನಡೆಸಿದವರು. ಸಂಜೆ ಮಾಳಿಗೆ ಹತ್ತಿ, ಕಬ್ಬಿನ ಹೊಲದಾಚೆ ನೋಡಿ, "ಹೋತ್ರಿ" ಎಂದರೆ ಹತ್ತೂ ಮನೆಯ ಜೈನರು ಕೈ ತೊಳೆಯುತ್ತಿದ್ದರು. ಮೋಡ ಕವಿದ ದಿನವೂ ಅವರಿಗೆ ಮಾತ್ರ ಸೂರ್ಯ ಕಾಣುತ್ತಿದ್ದ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆ ಕಾಜಲ ಒಂದು ದಿನ ಮಾತಿಗೆ ಮಾತು ಬಂದು ಹೇಳಿದಳು: ಸೂರ್ಯನಿಂದ ಹೊರಟ ಬೆಳಕು ಗಾಳಿಯೂ ಇಲ್ಲದ ಕತ್ತಲಿನಲ್ಲಿ ಹದಿನೈದು ಕೋಟಿ ಕಿಲೋಮೀಟರ್ ಓಡಿ, ಎಂಟು ನಿಮಿಷಕ್ಕೆ ನಮ್ಮ ಅಂಗಳ ಮುಟ್ಟುತ್ತದೆ. "ನಾವು ನೋಡೂದು ಎಂಟ ನಿಮಿಷದ ಹಿಂದಿನ ಸೂರ್ಯಾನ್ನ, ಮಾವಾರ. ಈಗ ಅಂವಾ ಆರಿದ್ರೂ ನಮಗ ಗೊತ್ತಾಗೂದಿಲ್ಲ."

ರೊಟ್ಟಿಯ ತುಂಡು ಆಬಾಸಾಹೇಬರ ಕೈಯಲ್ಲೇ ನಿಂತಿತು. "ಹಂಗಾದ್ರ ಇಷ್ಟ ವರ್ಷ ನಾ ಮುಳಗಿದ ಮ್ಯಾಲ ಉಂಡೇನಿ?"

"ಅಲ್ರಿ. ಮುಳಗೂದು ಅಂದ್ರ ಭೂಮಿ ತಿರಗೂದು. ಬೆಳಕ ನಮ್ಮ ಮ್ಯಾಲ ಬೀಳೂತನಕ ಹಗಲ."

ಈ ಎರಡನೆಯ ಮಾತು ಅವರ ಕಿವಿಯತನಕ ಬರಲಿಲ್ಲ. ಮರುದಿನದಿಂದ ಓಣಿಯ ಸೂರ್ಯ ಎಂಟು ನಿಮಿಷ ಮೊದಲೇ ಮುಳುಗತೊಡಗಿದ. ತಾಟುಗಳು ಎದ್ದ ಮೇಲೂ ಕಬ್ಬಿನ ಮೇಲೆ ಉಳಿದಿರುತ್ತಿದ್ದ ಆ ಕೆಂಪು ಗುಂಡನ್ನು ಆಬಾಸಾಹೇಬರು ಸತ್ತವರ ಫೋಟೋ ನೋಡಿದಂತೆ ನೋಡುತ್ತ ನಿಲ್ಲುವರು.

ಹೆಂಡತಿ ಲಕ್ಷ್ಮಿಬಾಯಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡರೆ ಅರ್ಧ ತಾಸಿನೊಳಗೆ ಉಣ್ಣಲೇಬೇಕು. "ಸೂಜಿ ಆದ ಮ್ಯಾಲ ಅತ್ತೀನ್ನ ಉಪಾಸ ಇಡಬ್ಯಾಡ್ರಿ, ಜೀವಕ್ಕ ಬರತೈತಿ" ಎಂದು ಕಾಜಲ ಎರಡು ಸಲ ಎಚ್ಚರಿಸಿದ್ದಳು.

ಡಿಸೆಂಬರಿನ ಒಂದು ಸಂಜೆ ಕಾಜಲಳ ಬಸ್ಸು ಇನ್ನೂ ಬಂದಿರಲಿಲ್ಲ. ಲಕ್ಷ್ಮಿಬಾಯಿ ಸೂಜಿ ಚುಚ್ಚಿಕೊಂಡು, ಎಮ್ಮೆ ಕಟ್ಟಿ ಬಂದು, ತಾಟಿನ ಮುಂದೆ ಕೂತರು. ಮಾಳಿಗೆಯಿಂದ ಅಪ್ಪಣೆಯಾಯಿತು: "ಹೋತ್ರಿ."

"ಬಿಸಲ ಇನ್ನೂ ನನ್ನ ತಾಟಿನ್ಯಾಗ ಬಿದ್ದೈತ್ರಿ."

"ಹಳೀ ಬಿಸಲ ಅದು. ಏಳ."

"ಇಷ್ಟ ಹಳೀ ಗಂಡನ್ನ ನಡಸಾಕತ್ತೇನಿ, ಎಂಟ ನಿಮಿಷದ ಬಿಸಲ ನಡ್ಯಾಂಗಿಲ್ಲೇನ್?" ಎನ್ನುತ್ತಲೇ ತಾಟು ಸರಿಸಿದರು. ಅವರಿಗೂ ಅದೇ ವ್ರತ.

ಆಬಾಸಾಹೇಬರು ಕೆಳಗಿಳಿದಾಗ ಹೆಂಡತಿ ಕಂಬಕ್ಕೆ ಒರಗಿದ್ದರು. ಹಣೆಯ ತುಂಬ ಬೆವರು, ಕೈ ನಡುಗುತ್ತಿತ್ತು. ಕೂಗಿದರೆ ಉತ್ತರ ತಡವಾಗಿ ಬಂತು, ಬಹಳ ದೂರದಿಂದ ಹೊರಟಂತೆ. ಬೆಲ್ಲದ ಡಬ್ಬಿ ಕೈಗೆಟಕುವಷ್ಟು ಹತ್ತಿರವಿತ್ತು. ಬಿಸಿಲೂ ಇತ್ತು. ಅವರು ಗಡಿಯಾರ ನೋಡಿದರು. ತಮ್ಮ ಮಾತಿಗೆ ಕೈ ತೊಳೆದು ಬಾಗಿಲಲ್ಲಿ ನಿಂತ ಓಣಿಯವರನ್ನು ನೋಡಿದರು. ಬಿಸಿಲು ತಾಟಿನಿಂದ ಗೋಡೆಗೆ, ಗೋಡೆಯಿಂದ ತೊಲೆಗೆ ಏರಿ, ಹೋಯಿತು. ಲಕ್ಷ್ಮಿಬಾಯಿಯ ಕಣ್ಣು ಮುಚ್ಚಿದವು.

ಆಗ ಡಬ್ಬಿ ತೆರೆದರು. ಬೆಲ್ಲ ಪುಡಿ ಮಾಡಿ ಹೆಂಡತಿಯ ಒಸಡಿಗೆ ಸವರಿದರು. ಮತ್ತೆ ಸವರಿದರು. ದೀಪ ಹಾಕುವುದೂ ನೆನಪಾಗಲಿಲ್ಲ. ಮೂಗಿನ ಹತ್ತಿರ ಕಿವಿ ಇಟ್ಟು ಕಾದರು. ಬಹಳ ಹೊತ್ತಿನ ಮೇಲೆ ತುಟಿ ಅಲುಗಿತು.

"ಹೊತ್ತ ಮುಳಗಿತೇನ್ರಿ?"

ಹೊರಗೆ ಎದುರು ಮನೆಯ ಬಾಗಿಲೂ ಕಾಣದಷ್ಟು ಕತ್ತಲಾಗಿತ್ತು.

"ಇಲ್ಲ" ಎಂದರು ಆಬಾಸಾಹೇಬರು, ಇನ್ನೊಂದು ಚೂರು ಇಡುತ್ತ. "ಇನ್ನೂ ಎಂಟ ನಿಮಿಷ ಐತಿ. ನುಂಗ."