ಹಿಂಡಿ ಡಬ್ಬಿಯೊಳಗಿನ ಗಡಿಯಾರ

ನರ್ಸಿಂಗ್ ಓದುವಾಗ ನನಗೆ ಪರೀಕ್ಷೆಯ ಭಯ ಬಹಳ ಇತ್ತು ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಅರ್ಧ ಮಾತು. ಭಯ ಕ್ಲಾಸಿನವರಿಗೆಲ್ಲ ಇತ್ತು. ನನ್ನ ಪಕ್ಕದ ಮಂಚದವಳೊಬ್ಬಳಿಗೆ ಇರಲಿಲ್ಲ. ಆ ಹೊಟ್ಟೆಯುರಿ ನನಗೆ ಪರೀಕ್ಷೆಗಿಂತ ದೊಡ್ಡ ಕಾಟವಾಗಿತ್ತು.

ಮುದ್ದೇಬಿಹಾಳದ ಹಾಸ್ಟೆಲ್ಲಿನಲ್ಲಿ ನಮ್ಮಿಬ್ಬರಿಗೆ ಒಂದು ಖೋಲಿ. ನಾನು ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು, ಅವಳು ಬಾಗೇವಾಡಿ ಕಡೆಯ ಗೊಳಸಂಗಿಯವಳು. ಇಬ್ಬರದೂ ಒಕ್ಕಲುತನದ ಮನೆ, ಇಬ್ಬರೂ ಕನ್ನಡದಲ್ಲೇ ಕಲಿತವರು. ಪಿಯುಸಿಯಲ್ಲಿ ನನ್ನ ಮಾರ್ಕ್ಸು ಅವಳಿಗಿಂತ ಹೆಚ್ಚಿದ್ದವು. ಇದನ್ನು ನಾನು ಮೊದಲ ವಾರದಲ್ಲೇ ಕೇಳಿ ತಿಳಿದುಕೊಂಡು ಸಮಾಧಾನ ಪಟ್ಟಿದ್ದೆ. ಆ ಸಮಾಧಾನ ಮೊದಲ ಟೆಸ್ಟಿನ ತನಕ ಬಾಳಿತು.

ಟೆಸ್ಟಿನ ದಿನ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಉಪ್ಪಿಟ್ಟಿನ ವಾಸನೆಗೆ ವಾಂತಿ ಬರುತ್ತಿತ್ತು. ಅಂಗೈ ಒದ್ದೆ, ಬಾಯಿ ಒಣ. ಇಂಜೆಕ್ಷನ್ ಕೊಡುವ ಕ್ರಮವನ್ನು ಎಷ್ಟು ಬಾಯಿಪಾಠ ಮಾಡಿದ್ದರೂ ಕೊನೆಗೆ ನೆನಪುಳಿಯುತ್ತಿದ್ದದ್ದು ಮೊದಲು ಕೈ ತೊಳೆಯಬೇಕು ಎಂಬುದೊಂದೇ. ಅದಕ್ಕೇ ನಾನು ನಳದ ಮುಂದೆ ನಿಂತು ತೊಳೆದ ಕೈಯನ್ನೇ ತೊಳೆಯುತ್ತಿದ್ದೆ.

ಅವಳು ಅದೇ ಹೊತ್ತಿಗೆ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ಖೋಲಿಗೆ ತರುತ್ತಿದ್ದಳು. ಅದರ ಮೇಲೆ ನಮ್ಮವ್ವ ಊರಿಂದ ಕಳಿಸಿದ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಉದುರಿಸಿಕೊಂಡು, ಕಲಸಿ, ಗಂಗಾಳ ಖಾಲಿ ಮಾಡುತ್ತಿದ್ದಳು. ಹಿಂಡಿಯ ಡಬ್ಬಿ ನನ್ನದಾದರೂ ಅದರಲ್ಲಿ ಹೆಚ್ಚು ಕೈ ಹಾಕಿದವಳು ಅವಳೇ. ನಮ್ಮವ್ವನ ಹಿಂಡಿ ಅವಳ ಹೊಟ್ಟೆಗೆ ಹೋಗುತ್ತಿತ್ತು, ಖಾರ ಮಾತ್ರ ನನಗೆ ಹತ್ತುತ್ತಿತ್ತು.

ತಿಂದಾದ ಮೇಲೆ ಅವಳದೊಂದು ಪದ್ಧತಿ. ಅವಳಿಗೆ ಅವಳಣ್ಣ ಕೊಡಿಸಿದ ಒಂದು ಗಡಿಯಾರ ಇತ್ತು, ಸೆಕೆಂಡಿನ ಮುಳ್ಳು ಕೆಂಪಗಿದ್ದದ್ದು. ಅದನ್ನು ಬಿಚ್ಚಿ ಮೊಳಕಾಲ ಮೇಲೆ ಇಟ್ಟುಕೊಂಡು, ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳಿಟ್ಟು, ಒಂದು ನಿಮಿಷ ತನ್ನ ನಾಡಿ ತಾನೇ ಎಣಿಸುತ್ತಿದ್ದಳು. ಆಮೇಲೆ ಅಂಗೈಯಷ್ಟು ಅಗಲದ ನೋಟ್‌ಬುಕ್ಕಿನಲ್ಲಿ ಏನೋ ಬರೆದು ದಿಂಬಿನ ಕೆಳಗೆ ತಳ್ಳಿ, ಸೆರಗು ಸರಿ ಮಾಡಿಕೊಂಡವಳ ಹಾಗೆ ಎದ್ದು ಹೊರಡುತ್ತಿದ್ದಳು. ಕಲಿತದ್ದನ್ನು ನನಗೆ ತೋರಿಸುವುದಕ್ಕೇ ಹೀಗೆ ಮಾಡುತ್ತಾಳೆಂದು ನಾನು ನಂಬಿದ್ದೆ. ಎಷ್ಟು ಸೊಕ್ಕು ಇವಳಿಗೆ ಅನ್ನಿಸುತ್ತಿತ್ತು. ಅವಳು ಒಮ್ಮೆ ಎಡವಿ ಬಿದ್ದರೆ ನೋಡಬೇಕು ಎಂಬ ಆಸೆ ನನಗೆ ಯಾವ ಗಳಿಗೆಯಲ್ಲಿ ಹುಟ್ಟಿತೋ, ಹುಟ್ಟಿದ ಮೇಲೆ ಹೋಗಲಿಲ್ಲ.

ಮೊದಲ ವರ್ಷದ ಕೊನೆಯ ಪರೀಕ್ಷೆಗೆ ಒಂದು ತಿಂಗಳು ಮುಂಚೆ ನಮ್ಮ ಟ್ಯೂಟರ್ ಮೇಡಂ ವಾರ್ಡಿನಲ್ಲೇ ಒಂದು ಪ್ರಾಕ್ಟಿಕಲ್ ಇಟ್ಟರು. ರೋಗಿಯ ಜ್ವರ, ನಾಡಿ, ಉಸಿರು ನೋಡಿ ಚಾರ್ಟಿನಲ್ಲಿ ಬರೆಯಬೇಕು. ಇದಕ್ಕಿಂತ ಸುಲಭದ್ದು ಯಾವುದೂ ಇಲ್ಲ. ಆದರೆ ನನ್ನ ಬೆರಳ ತುದಿಗಳೇ ಹೊಡೆದುಕೊಳ್ಳುತ್ತಿದ್ದವು. ಬಡಿಯುತ್ತಿರುವುದು ರೋಗಿಯ ನಾಡಿಯೋ ನನ್ನದೋ ತಿಳಿಯದೆ ಬೆರಳು ಅತ್ತಿತ್ತ ಸರಿಸುತ್ತಿದ್ದೆ.

"ಬಾಯಿ ಬಿಟ್ಟು ಎಣಿಸು, ನನಗೂ ಕೇಳಲಿ," ಎಂದರು ಮೇಡಂ.

ನಮ್ಮ ಕಡೆ ಕಣದಲ್ಲಿ ಜೋಳ ಅಳೆಯುವಾಗ ಯಾರೂ ಒಂದು ಅನ್ನುವುದಿಲ್ಲ. ಮೊದಲ ಸೇರಿಗೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಅಪ್ಪ ಸೇರು ತುಂಬಿ ಚೀಲಕ್ಕೆ ಸುರಿಯುವಾಗ ಎಣಿಸುವ ಕೆಲಸ ಚಿಕ್ಕಂದಿನಿಂದ ನನ್ನದು. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಅದೇ ಎಣಿಕೆ.

"ಲಾಭ, ಎರಡು, ಮೂರು..."

ಇಡೀ ಬ್ಯಾಚು ನಕ್ಕಿತು. ರೋಗಿಯೂ ನಕ್ಕ. ನನ್ನ ಲೆಕ್ಕ ಅಲ್ಲೇ ತಪ್ಪಿತು. ಮತ್ತೆ ಶುರು ಮಾಡುವ ಧೈರ್ಯವಿಲ್ಲದೆ, ಅವಸರದಲ್ಲಿ ಎಲ್ಲರೂ ಮಾಡುವ ಹಾಗೆ ಎಪ್ಪತ್ತೆಂಟು ಎಂದು ಚಾರ್ಟಿನಲ್ಲಿ ಗೀಚಿದೆ. ಮೇಡಂ ರೋಗಿಯ ಕೈ ತಾವೇ ಹಿಡಿದು ಒಂದು ನಿಮಿಷ ನಿಂತರು. ತೊಂಬತ್ತಾರು ಇತ್ತು.

"ಎಣಿಸಿದಿಯೇನ, ಅಂದಾಜು ಹೊಡದಿಯೇನ?"

ಫೇಲ್ ಮಾಡಿದರು. ಅವಳಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕ್ಸು ಬಂದವು. ಅಂದಿನಿಂದ ಹುಡುಗಿಯರು ನನ್ನನ್ನು "ಲಾಭಾ" ಎಂದೇ ಕರೆಯತೊಡಗಿದರು. ಅವಳೊಬ್ಬಳು ಹಾಗೆ ಕರೆಯಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಒಳ್ಳೆಯವಳೂ ತಾನೇ ಆಗಬೇಕೇ?

ಕೊನೆಯ ಪರೀಕ್ಷೆಯಲ್ಲೂ ಇದೇ ಆದರೆ ನಾನು ಮೊದಲ ವರ್ಷದಲ್ಲೇ ಉಳಿಯುತ್ತಿದ್ದೆ. ಹೊಸದಾಗಿ ಬಂದವರ ಜೊತೆ ಮತ್ತೆ ಹಾಸಿಗೆ ಹಾಸುವುದರಿಂದ ಕಲಿಯಬೇಕು. ಅವಳು ಎರಡನೆಯ ವರ್ಷದವಳಾಗಿ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡುತ್ತಾಳೆ, ನಾನು ಟ್ರೇ ಹಿಡಿದು ಅವಳ ಹಿಂದೆ ನಿಲ್ಲುತ್ತೇನೆ. ಮನೆಯವರು ಏನೆನ್ನುತ್ತಾರೆ ಎಂಬ ಚಿಂತೆಗಿಂತ ಆ ಟ್ರೇಯ ಚಿಂತೆಯೇ ನನ್ನನ್ನು ತಿಂದಿತು.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಗಡಿಯಾರ ಕಿಟಕಿಯ ಕಟ್ಟೆಯ ಮೇಲಿತ್ತು. ಬಹಳ ಯೋಚಿಸಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತಾನಾಗಿ ಹೋಯಿತು. ಗಡಿಯಾರ ಎತ್ತಿಕೊಂಡೆ, ಪಕ್ಕದಲ್ಲಿ ಹಿಂಡಿಯ ಡಬ್ಬಿ ಕಂಡಿತು, ಮುಚ್ಚಳ ತೆಗೆದು ಒಳಗೆ ಹುಗಿದು ಮೇಲೆ ಹಿಂಡಿ ಎಳೆದೆ. ಒಂದು ದಿನವಾದರೂ ಇವಳಿಗೂ ಬೆವರು ಒಡೆಯಲಿ ಅಂದುಕೊಂಡೆ. ಮನಸ್ಸಿಗೆ ಹಿತವೆನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಅವಳು ದಿನಾ ಕೈ ಹಾಕುವ ಡಬ್ಬಿಯಲ್ಲೇ ಅವಳ ಗಡಿಯಾರ ಬಚ್ಚಿಟ್ಟಿದ್ದೇನೆ ಎಂಬುದು ನನಗೆ ಹೊಳೆದದ್ದು ಬಚ್ಚಲಿನಲ್ಲಿ ವಾಂತಿ ಮಾಡಿಕೊಳ್ಳುವಾಗ. ಮುಖ ತೊಳೆಯದೆ ಓಡಿ ಬಂದೆ. ಅವಳ ಉಪ್ಪಿಟ್ಟು ಮುಗಿದಿತ್ತು. ಡಬ್ಬಿ ಇದ್ದಲ್ಲೇ ಇತ್ತು, ಮುಚ್ಚಳ ಬಿಗಿಯಾಗಿತ್ತು. ಬಚಾವಾದೆ ಅಂದುಕೊಂಡರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದು, ಅವಳ ಮುಖ ನೋಡಲಾಗದೆ ಪುಸ್ತಕ ತೆರೆದು ಕೂತೆ.

ಅವಳು ಬಂದು ನನ್ನ ಮಂಚದ ಮೇಲೆ ಕೂತಳು. ಕೈ ಮುಂದೆ ಚಾಚಿದಳು.

"ನನ್ನ ಗಡಿಯಾರ ಇಲ್ಲ ಇವತ್ತ. ನಿನ್ನದು ತೆಗಿ. ನನ್ನ ನಾಡಿ ನೀನ ನೋಡು."

"ನಾ ಯಾಕ? ನನಗ ಬರಂಗಿಲ್ಲ," ಎಂದೆ.

"ನೋಡು ಅಂದ್ರ ನೋಡವಾ. ಹೊತ್ತಾಗಾಕತ್ತೈತಿ."

ಅವಳ ಮಣಿಕಟ್ಟು ಹಿಡಿದೆ. ಅಂಗೈ ನನ್ನದಕ್ಕಿಂತ ಹೆಚ್ಚು ಒದ್ದೆಯಾಗಿತ್ತು. ನಾಡಿ ಬೆರಳ ಕೆಳಗೆ ಓಡುತ್ತಿತ್ತು. ಮೂವತ್ತರ ತನಕ ಎಣಿಸಿ ಲೆಕ್ಕ ತಪ್ಪಿದೆ. ನಿಮಿಷ ಮುಗಿಯಲಿ ಎಂದು ಗಡಿಯಾರ ನೋಡುತ್ತ ಕೂತು, "ಎಂಬತ್ತೆರಡು" ಎಂದೆ.

"ಸುಳ್ಳು. ಲಾಭದಿಂದ ಶುರು ಮಾಡಿ ಮತ್ತ ಎಣಿಸು. ನಮ್ಮ ಕಣದಾಗೂ ಹಂಗ ಎಣಸತೇವಿ. ಇಲ್ಲಿ ನಗಾಕ ಯಾರೂ ಇಲ್ಲ."

ಲಾಭ, ಎರಡು, ಮೂರು ಎಂದು ಬಾಯಿಬಿಟ್ಟೇ ಎಣಿಸಿದೆ. ಕೆಂಪಿಲ್ಲದ ನನ್ನ ಗಡಿಯಾರದ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ನೂರಾ ಮೂವತ್ತೆರಡಾಯಿತು. ತಪ್ಪಿರಬೇಕೆಂದು ಅವಳ ಮುಖ ನೋಡಿದೆ. ಅವಳು ದಿಂಬಿನ ಕೆಳಗಿನ ನೋಟ್‌ಬುಕ್ಕು ತೆಗೆದು ನನ್ನ ಮುಂದೆ ಹಿಡಿದಳು. ಪ್ರತಿ ಟೆಸ್ಟಿನ ಹೆಸರು, ಎದುರಿಗೆ ಒಂದು ಸಂಖ್ಯೆ. ನೂರಾ ಇಪ್ಪತ್ತೆಂಟು. ನೂರಾ ಮೂವತ್ತು. ನೂರಾ ಇಪ್ಪತ್ತಾರು.

"ನಿನಗ ಅಂಜಿಕಿ ಇರಲಿಲ್ಲಲ್ಲ?" ಎಂದೆ.

"ಯಾರು ಹೇಳಿದ್ರು ನಿನಗ? ಎಷ್ಟು ಐತಿ ಅಂತ ಎಣಿಸಿದ್ರ ಒಂದೀಟು ಇಳೀತೈತಿ, ಅದಕ್ಕ ಎಣಸತೇನಿ."

"ಮತ್ತ ಉಪ್ಪಿಟ್ಟು ಅಷ್ಟು ತಿಂತಿ?"

"ಬರೇ ಹೊಟ್ಟೀಲೆ ನಿಂತ್ರ ಕಣ್ಣಿಗೆ ಕತ್ತಲಿ ಬರತಾವು. ಗಂಟಲದಾಗ ಇಳಿಯಂಗಿಲ್ಲ. ನಿಮ್ಮವ್ವನ ಹಿಂಡಿ ಹಚ್ಚಿ ಒಳಗ ನೂಕತೇನಿ."

ನಾನು ಇಡೀ ವರ್ಷ ಅಸೂಯೆಪಟ್ಟದ್ದು ಇಲ್ಲದ ವಸ್ತುವಿನ ಮೇಲೆ. ಇದರಿಂದ ನನಗೆ ನಾಚಿಕೆಯಾಗಬೇಕಿತ್ತು. ನಾಚಿಕೆಗಿಂತ ಮೊದಲು ಬಂದ ಯೋಚನೆ ಎಂದರೆ, ಅಂಜಿಕೆಯಲ್ಲೂ ಇವಳೇ ಫಸ್ಟು. ನನ್ನ ನಾಡಿಯನ್ನೂ ನಾನೇ ಎಣಿಸಬೇಕೆಂದು ಅವಳು ಹಟ ಹಿಡಿದಳು. ನೂರಾ ಹದಿನೆಂಟು ಇತ್ತು. ಇನ್ನೊಮ್ಮೆ ಎಣಿಸಿದಾಗ ನೂರಾ ನಾಲ್ಕಕ್ಕೆ ಬಂದಿತ್ತು. ಅಷ್ಟರಲ್ಲಿ ಕೆಳಗೆ ಗಂಟೆ ಹೊಡೆಯಿತು, ಗಡಿಯಾರದ ಸುದ್ದಿ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ನನಗೆ ಸಿಕ್ಕ ರೋಗಿ ಒಬ್ಬ ಮುದುಕಿ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಕೈಕಟ್ಟಿ ಪಕ್ಕದಲ್ಲಿ ನಿಂತರು. "ಆಯಿ, ಕೈ ಹಿಡೀತೇನ್ರಿ, ಒಂದು ನಿಮಿಷ ಸುಮ್ಮನಿರ್ರಿ," ಎಂದು ಮೂರು ಬೆರಳಿಟ್ಟೆ. ಮನಸ್ಸಿನಲ್ಲಿ ಲಾಭ ಎಂದೆ. ಎರಡು ಬರಲು ಬಹಳ ಹೊತ್ತು ಹಿಡಿಯಿತು. ನಿಮಿಷ ಮುಗಿದಾಗ ಐವತ್ನಾಲ್ಕು ಅಷ್ಟೇ ಇತ್ತು. ಇಷ್ಟು ಕಡಿಮೆ ಇರಲು ಸಾಧ್ಯವೇ? ಎಪ್ಪತ್ತೆರಡು ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ಪೆನ್ನು ಚಾರ್ಟಿನ ಮೇಲೆ ನಿಂತಿತು. ಮತ್ತೆ ಮುದುಕಿಯ ಕೈ ಹಿಡಿದು, ಮತ್ತೊಂದು ನಿಮಿಷ ಎಣಿಸಿ, ಐವತ್ನಾಲ್ಕು ಎಂದೇ ಬರೆದೆ. ಪರೀಕ್ಷಕಿ ತಾವೂ ಎಣಿಸಿ ತಲೆಯಾಡಿಸಿದರು. ಮುದುಕಿ ಎದೆಯ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದಳಂತೆ, ಅದಕ್ಕೆ ನಾಡಿ ನಿಧಾನ.

ನನ್ನ ಖೋಲಿಯವಳು ಗೋಡೆಯ ಗಡಿಯಾರ ನೋಡಿ ಕೆಲಸ ಮುಗಿಸಿದಳಂತೆ. ಗಡಿಯಾರ ಇಲ್ಲದೆ ವಾರ್ಡಿಗೆ ಬಂದದ್ದಕ್ಕೆ ಪರೀಕ್ಷಕಿ ಎಲ್ಲರೆದುರು ಬೈದರು, ಮಾರ್ಕ್ಸೂ ಕಳೆದರು. ನಾನು ಖೋಲಿಗೆ ಮೊದಲು ಬಂದು, ಗಡಿಯಾರ ಹೊರತೆಗೆದು, ಬಟ್ಟೆಯಿಂದ ಒರೆಸಿ ಅವಳ ಹಾಸಿಗೆಯ ಸಂದಿಯಲ್ಲಿ ಇಟ್ಟೆ. ಪಟ್ಟಿಗೆ ಬೆಳ್ಳುಳ್ಳಿಯ ವಾಸನೆ ಹತ್ತಿತ್ತು. ಅವಳು ಬಂದು ಕೈಯಾಡಿಸಿ, "ಸಿಕ್ತು" ಎಂದು ಕಟ್ಟಿಕೊಂಡಳು, ಅಷ್ಟೇ. ರಿಸಲ್ಟು ಬಂದಾಗ ಆ ಪ್ರಾಕ್ಟಿಕಲ್ಲಿನಲ್ಲಿ ನನಗೆ ಅವಳಿಗಿಂತ ಎರಡು ಮಾರ್ಕ್ಸು ಹೆಚ್ಚು ಬಂದಿದ್ದವು. ಆ ಎರಡು ಮಾರ್ಕ್ಸಿನ ಖುಷಿಯನ್ನು ನಾನು ಬಹಳ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ತಪ್ಪೊಪ್ಪಿಕೊಳ್ಳಬೇಕು ಅನ್ನಿಸಿದಾಗಲೆಲ್ಲ ಆ ಖುಷಿಯೇ ಅಡ್ಡ ಬಂತು.

ಈಗ ನಾನು ಇಂಡಿ ಊರಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೇನೆ, ಅವಳು ಬಾಗೇವಾಡಿಯಲ್ಲಿ. ಹೋದ ತಿಂಗಳು ಇಲ್ಲೇ ಪಕ್ಕದ ಸಾಲೋಟಗಿಯ ನೆಂಟರ ಮನೆಗೆ ಬಂದವಳು ಊಟದ ಹೊತ್ತಿಗೆ ನಮ್ಮನೆಗೂ ಬಂದಳು. ಹೊಸ ಹುದ್ದೆ ಸಿಕ್ಕಿದೆಯಂತೆ, ವಾರ್ಡಿನ ಇನ್‌ಚಾರ್ಜು. "ಚಲೋ ಆತು" ಎಂದೆ. ಎದೆಯೊಳಗೆ ಹಳೆಯ ಉರಿ ಎದ್ದು ಕೂತಿತು. ರೊಟ್ಟಿ, ಪುಂಡಿಪಲ್ಲೆ, ಮೊಸರು ಬಡಿಸಿ, ನಮ್ಮವ್ವ ಕಳಿಸಿದ ಹಿಂಡಿಯ ಡಬ್ಬಿ ಅವಳ ಮುಂದೆ ಇಟ್ಟೆ. ಅವಳು ಮುಚ್ಚಳ ತೆಗೆದಳು. ಚಮಚದಿಂದ ಹಿಂಡಿಯನ್ನು ಅತ್ತಿತ್ತ ಸರಿಸಿ ತಳದ ತನಕ ಕೆದಕಿದಳು.

"ಏನ್ ಹುಡುಕತೀ?" ಎಂದೆ.

"ಗಡಿಯಾರ ಏನರ ಐತೇನ ನೋಡಾಕತ್ತೇನಿ."

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು.

"ಆವತ್ತ ಗೊತ್ತಿತ್ತು ನಿನಗ?"

"ಹಿಂಡಿ ಹಾಕ್ಕೊಳ್ಳಾಕ ಹೋದ್ರ ಚಮಚಕ್ಕ ಬಂತು. ಬೈಬೇಕಂತ ಬಾಯಿ ತುಂಬ ಮಾತು ತಗೊಂಡ ಬಂದಿದ್ದೆ. ನಿನ್ನ ಮಾರಿ ನೋಡಿದೆ, ಹೆಣದ ಹಂಗ ಬೆಳ್ಳಗಾಗಿತ್ತು. ಡಬ್ಬ್ಯಾಗಿಂದು ಹೊರಗ ತೆಗೆದಿದ್ರ ನೀ ಅಲ್ಲೇ ಕುಸೀತಿದ್ದಿ, ವಾರ್ಡಿಗೆ ಬರತಿದ್ದಿಲ್ಲ. ಬೈಯೂದು ಸಂಜೀಕ ಇಟ್ಕೊಂಡೆ. ಸಂಜೀಕ ನೀ ವಾರ್ಡಿನಿಂದ ನಕ್ಕೋತ ಹೊರಗ ಬಂದಿ, ಬೈಯೂದ ಮರೆತೆ."

"ನಿನ್ನ ಮಾರ್ಕ್ಸು ಹೋದವಲ್ಲ..."

"ಎರಡಲ್ಲೇನು? ನನಗ ಸಾಕಷ್ಟು ಇದ್ದುವು," ಎಂದು ರೊಟ್ಟಿ ಮುರಿದಳು.

ಸಾಕಷ್ಟು ಇದ್ದುವು. ಇಷ್ಟು ವರ್ಷ ನಾನು ಗೆದ್ದೆ ಎಂದುಕೊಂಡಿದ್ದ ಆ ಎರಡು ಮಾರ್ಕ್ಸು ಅವಳು ಕೊಟ್ಟು ಮರೆತಂಥವು. ಕ್ಷಮಿಸು ಎಂದು ಕೇಳಬೇಕೆಂದೇ ಬಾಯಿ ತೆರೆದೆ. ಹೊರಬಂದದ್ದು ಬೇರೆ.

"ನೀ ಒಮ್ಮೆರ ಕೆಟ್ಟಾಕಿ ಆಗಬಾರದೇನ?"

ಅವಳು ಜೋರಾಗಿ ನಕ್ಕಳು. ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದು, ಮೂರು ಬೆರಳಿಟ್ಟು, ತನ್ನ ಗಡಿಯಾರ ನೋಡತೊಡಗಿದಳು. ತುಟಿಗಳು ಲಾಭ ಎಂದು ಶುರು ಮಾಡಿದ್ದು ನನಗೆ ಕಂಡಿತು. ಮುಳ್ಳು ಪೂರ್ತಿ ಒಂದು ಸುತ್ತು ಬಂತು.

"ನೂರಾ ಆರು," ಎಂದಳು. "ಇನ್ನೂ ಐತಿ ನೋಡು ಹೊಟ್ಟಿಕಿಚ್ಚು."

"ಐತಿ," ಎಂದೆ.