ಆರಿಸದ ಲ್ಯಾಪ್‌ಟಾಪ್

ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಹದೇವುವಿನ ಬಾಯಿ ಸ್ವಲ್ಪ ಜೋರು. ವೈರಸ್ ಹೊಕ್ಕ ಯಂತ್ರವನ್ನು ಆರಿಸದೆ ತಂದವರಿಗೆ ಮಂಗಳಾರತಿ ಗ್ಯಾರಂಟಿ.

"ಮೊದ್ಲು ಆರ್ಸ್ರಿ. ಅದು ಓಡ್ತಿರೋಗಂಟ ವೈರಸ್ಸಿಂದೇ ಯಜಮಾನ್ಕೆ!"

ಹಾಗೆ ಓಡುತ್ತಿರುವಾಗ ಆಂಟಿವೈರಸ್ ಹಾಕಿದರೆ, ವೈರಸ್ ತಾನಿಲ್ಲವೆಂದು ಅದಕ್ಕೂ ಸುಳ್ಳು ಹೇಳುತ್ತದೆ. ತಪಾಸಣೆಗೆ ತೆರೆದ ಫೈಲಿಗೇ ಅಂಟಿಕೊಳ್ಳುವುದೂ ಉಂಟು. ಅದಕ್ಕೇ ಮಹದೇವು ಯಂತ್ರವನ್ನು ಆರಿಸಿ, ತನ್ನ ಶುದ್ಧ ಪೆನ್‌ಡ್ರೈವಿನಿಂದ ಎಬ್ಬಿಸಿ, ಒಳಗಿನ ವೈರಸ್ ಮಲಗಿದ್ದಾಗಲೇ ಫೈಲುಗಳನ್ನು ಪರೀಕ್ಷಿಸುತ್ತಿದ್ದ. ಇಷ್ಟೆಲ್ಲ ಬಲ್ಲವನು ಸ್ವಂತ ಅಕ್ಕನ ಮನೆಯಲ್ಲಿ ಸೋತ.

ಚಿಕ್ಕರಸಿನಕೆರೆಯ ಅಕ್ಕ ದೇವಿರಮ್ಮನ ಒಬ್ಬಳೇ ಮಗಳು ಶೋಭಿತಾ ಡೆಂಗಿಯಲ್ಲಿ ತೀರಿಹೋದಳು. ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಅವ್ವನಿಂದ ಕಲಿತ ಸೋಬಾನೆ ಪದಗಳನ್ನು ತಾನೇ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅದು ತುಂಬಿತೆಂದು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿದ್ದಳು. ಅವಳ ದನಿ ಉಳಿದಿದ್ದು ಅದೊಂದರಲ್ಲೇ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೊ ಬೇಕೆಂದು ಯಾರೋ ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರು. ವೈರಸ್ ಬಂದದ್ದು ಹಾಗೆ.

ಮಣ್ಣು ಮಾಡಿ ಬಂದ ಮೇಲೆ, ಲ್ಯಾಪ್‌ಟಾಪಿನ ಪರದೆಯ ತುಂಬ ನಗುತ್ತಿದ್ದ ಮಗಳ ಮುಂದೆ ದೇವಿರಮ್ಮ ದೀಪ ಹಚ್ಚಿಟ್ಟಳು. ಪರದೆಯ ಅಂಚಿನಲ್ಲಿ ಫೈಲುಗಳ ಹೆಸರು ಬದಲಾಗುತ್ತಿದ್ದುದು ಮಹದೇವುವಿನ ಕಣ್ಣಿಗೆ ಬಿತ್ತು. ವೈರಸ್ ಒಂದೊಂದಕ್ಕೇ ಬೀಗ ಜಡಿಯುತ್ತಿದೆ ಎಂದು ಅವನಿಗೆ ಗೊತ್ತಾಯಿತು.

"ಅಕ್ಕ, ಇದ್ನ ಆರಿಸ್ಬೇಕಲ್ಲ" ಎಂದ.

"ಆಲುತುಪ್ಪ ಆಗೋಗಂಟ ದೀಪ ಆರಿಸ್ಬಾರ್ದು ಕಣ್ಲಾ. ನನ್ ಮಗಿನ ಮೊಕಾನೂ ಆರಿಸ್ಬ್ಯಾಡ."

ಊರಿಗೆಲ್ಲ ಬೈಯುವ ಬಾಯಿ ಅಲ್ಲಿ ಕಟ್ಟಿಹೋಯಿತು. ಯಾಕೆ ಆರಿಸಬೇಕೆಂದು ಒಂದು ಮಾತು ಹೇಳಬಾರದೇ? ಹೇಳಲಿಲ್ಲ. ಅತ್ತು ಸೋತ ಅಕ್ಕನನ್ನು ನೋಡಿದ, ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಸಂಜೆ ಲ್ಯಾಪ್‌ಟಾಪ್ ಆರಿಸಿ, ತನ್ನ ಕ್ರಮದಲ್ಲೇ ತಪಾಸಣೆ ಮಾಡಿದ. ವೈರಸ್ ಸಿಕ್ಕಿತು, ಹೋಯಿತು. ಅದು ಜಡಿದಿದ್ದ ಬೀಗ ಮಾತ್ರ ಬಿಚ್ಚಲಿಲ್ಲ. ಒಂದು ಪದವೂ ತೆರೆಯಲಿಲ್ಲ.

"ವಾಸಿ ಆಯ್ತೇನ್ಲಾ?" ದೇವಿರಮ್ಮ ಹತ್ತಿರ ಬಂದು ಕೂತಳು.

"ಆಯ್ತು ಕಣಕ್ಕ."

"ಅಂಗಾರೆ ಒಂದ್ ಪದ ಆಕ್ಲಾ. ಮಗಿನ ದನಿ ಕೇಳ್ಬೇಕು."

ಮಹದೇವು ಅತ್ತುಬಿಟ್ಟ. ಅವತ್ತೇ ಆರಿಸಿದ್ದರೆ ಒಂದಷ್ಟಾದರೂ ಉಳಿಯುತ್ತಿತ್ತು, ಈಗ ಒಂದೂ ಇಲ್ಲ ಎಂದು ಅಳುತ್ತಲೇ ಹೇಳಿದ.

ದೇವಿರಮ್ಮ ಬೈಯಲಿಲ್ಲ. ತಮ್ಮನ ಬೆನ್ನ ಮೇಲೆ ಕೈಯಿಟ್ಟಳು.

"ದನಿ ಓಯ್ತದೆ ಅಂತ ಒಂದ್ ಮಾತು ಯೋಳಿದ್ರೆ, ದೀಪಾನೂ ನಾನೇ ಆರಿಸ್ಬುಡ್ತಿದ್ನಲ್ಲೋ ಮಾದೇವ" ಎಂದಳು.